ರಾಡು ಸುಟ್ಟಷ್ಟೂ ವಿದ್ಯೆ

ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ ಹಳೇ ಪುಸ್ತಕ ಹರಡಿಕೊಂಡು ಕೂತವರ ಹತ್ತಿರ ಸಿಇಟಿ ಗೈಡು, ಡಿಪ್ಲೊಮಾ ಪುಸ್ತಕಗಳ ರಾಶಿಯ ಅಡಿಯಲ್ಲಿ ಐಟಿಐ ಪುಸ್ತಕಗಳೂ ಸಿಗುತ್ತವೆ. ಫಿಟ್ಟರ್, ಟರ್ನರ್, ಎಲೆಕ್ಟ್ರಿಷಿಯನ್, ವೆಲ್ಡರ್. ಚೌಕಾಸಿ ಮಾಡಿ ಕೊಂಡ ವೆಲ್ಡರ್ ಥಿಯರಿಯನ್ನು ಓದಿ ಪರೀಕ್ಷೆ ಪಾಸಾಗಬಹುದು. ಆದರೆ ಎರಡು ಪ್ಲೇಟು ಜೋಡಿಸಲು ಬರುವುದಿಲ್ಲ. ಅದಕ್ಕೆ ಕೈ ಪಳಗಬೇಕು, ಕೈ ಪಳಗಲು ವೆಲ್ಡಿಂಗ್ ರಾಡು ಸುಡಬೇಕು. ಸುಡುವ ರಾಡಿನ ದುಡ್ಡು ಯಾರು ಕೊಡುತ್ತಾರೆ ಎನ್ನುವಲ್ಲಿಗೆ ಈ ಕಸುಬಿನ ಕಲಿಕೆಯ ಕಥೆಯೆಲ್ಲ ಬಂದು ನಿಲ್ಲುತ್ತದೆ.

ಲೋಹ ಜೋಡಿಸುವುದು ಪೇಟೆಗೆ ಹೊಸದಲ್ಲ. ನಗರ್ತಪೇಟೆಯ ಒಳಗಲ್ಲಿಗಳಲ್ಲಿ ಅಕ್ಕಸಾಲಿಗರು ಒಡವೆಯ ಎರಡು ತುಂಡುಗಳ ನಡುವೆ ಚಿನ್ನಕ್ಕಿಂತ ಬೇಗ ಕರಗುವ ಮಿಶ್ರಲೋಹದ ಚೂರಿಟ್ಟು ಉರಿ ತೋರಿಸುತ್ತಾರೆ. ಚೂರು ಕರಗಿ ಸಂದಿಗೆ ಹರಿಯುತ್ತದೆ, ಒಡವೆ ಕರಗುವುದಿಲ್ಲ. ವೆಲ್ಡಿಂಗಿನಲ್ಲಿ ಹಾಗಲ್ಲ. ಜೋಡಿಸಬೇಕಾದ ಎರಡೂ ತುಂಡುಗಳ ಅಂಚು ಕರಗಿ, ರಾಡಿನ ಲೋಹದ ಜೊತೆ ಬೆರೆತು, ಒಂದೇ ಆಗಿ ಗಟ್ಟಿಯಾಗಬೇಕು. ಕಬ್ಬಿಣ ಕರಗಲು 1500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು. ಆಕ್ಸಿಜನ್ ಮತ್ತು ಅಸಿಟಲೀನ್ ಸೇರಿದ ಉರಿ 3000 ಡಿಗ್ರಿ ದಾಟುತ್ತದೆ, ವಿದ್ಯುತ್ತಿನ ಆರ್ಕ್ ಅದಕ್ಕೂ ಮೇಲೆ. ಶಾಖ ಹೆಚ್ಚಾದರೆ ಪ್ಲೇಟು ತೂತು. ಕಡಿಮೆಯಾದರೆ ಇನ್ನೂ ಅಪಾಯ: ಮೇಲೆ ಚೆನ್ನಾಗಿ ಅಂಟಿದಂತೆ ಕಾಣುತ್ತದೆ, ಒಳಗೆ ಎರಡೂ ಬೇರೆ ಬೇರೆಯಾಗಿಯೇ ಇರುತ್ತವೆ.

ನಮ್ಮೂರಿನ ಹೆಚ್ಚಿನ ಹುಡುಗರು ಈ ಕೆಲಸ ಕಲಿಯುವುದು ಗ್ರಿಲ್ಲು, ಗೇಟು ಮಾಡುವ ಅಂಗಡಿಗಳಲ್ಲಿ. ಮೊದಲು ಪೈಪು ಹಿಡಿದುಕೊಳ್ಳುವುದು, ಗ್ರೈಂಡಿಂಗ್ ಮಾಡುವುದು, ಟೀ ತರುವುದು. ಮೇಸ್ತ್ರಿ ಊಟಕ್ಕೆ ಹೋದಾಗ ರಾಡು ಸಿಕ್ಕಿಸುವ ಹೋಲ್ಡರ್ ಮುಟ್ಟುವುದು. ಹೀಗೆ ಕಲಿತ ಎಷ್ಟೋ ಕೈಗಳು ಅದ್ಭುತವಾಗಿವೆ, ಅದನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂಗಡಿಯವರಿಗೆ ರಾಡೂ ದುಡ್ಡೇ, ಕರೆಂಟೂ ದುಡ್ಡೇ. ಕಲಿಯುವವನು ಹಾಳುಮಾಡಲಿ ಎಂದು ಅವರು ಬಿಡುವುದಿಲ್ಲ, ಬಿಡಬೇಕು ಎನ್ನುವುದೂ ನ್ಯಾಯವಲ್ಲ. ಗೇಟಿಗೆ ಬೇಕಾದಷ್ಟು ಕೆಲಸ ಬಂದರೆ ಅಲ್ಲಿಗೆ ಕಲಿಕೆ ನಿಲ್ಲುತ್ತದೆ. ಕಣ್ಣು ಕಾಯುವ ಕಪ್ಪು ಗಾಜಿನ ಮಾತಂತೂ ಕೇಳಲೇಬೇಡಿ. ಒಂದು ಟ್ಯಾಕ್, ಚುಕ್ಕೆಯಷ್ಟು ಬೆಸುಗೆ ತಾನೆ ಎಂದು ಬರಿಗಣ್ಣಲ್ಲಿ ಹೊಡೆದವನಿಗೆ ಅಂದು ರಾತ್ರಿ ಕಣ್ಣಿಗೆ ಮರಳು ಸುರಿದಂತಾಗುತ್ತದೆ.

ಹಾಳುಮಾಡುವುದನ್ನೇ ಪಾಠವಾಗಿಸಿರುವ ಜಾಗ ಐಟಿಐ, ಅಂದರೆ ಕೈಗಾರಿಕಾ ತರಬೇತಿ ಸಂಸ್ಥೆ. ದೇಶದಲ್ಲಿ ಕುಶಲಕರ್ಮಿಗಳ ತರಬೇತಿ ಯೋಜನೆ ಶುರುವಾದದ್ದು 1950ರಲ್ಲಿ. ಅದರಡಿ ವೆಲ್ಡರ್ ಟ್ರೇಡ್ ಒಂದೇ ವರ್ಷದ್ದು. ಎಂಟನೇ ತರಗತಿ ಪಾಸಾಗಿ 14 ವರ್ಷ ತುಂಬಿದ್ದರೆ ಸಾಕು. ವರ್ಷದ 1200 ಗಂಟೆಗಳಲ್ಲಿ 840 ಗಂಟೆ ಪ್ರಾಕ್ಟಿಕಲ್ಲಿಗೇ ಮೀಸಲು.

ಮೊದಲ ದಿನಗಳಲ್ಲಿ ಬೆಂಕಿಗಿಂತ ಶಿಸ್ತು ಹೆಚ್ಚು. ಆಕ್ಸಿಜನ್ ಸಿಲಿಂಡರ್ ಕಪ್ಪು, ಅಸಿಟಲೀನ್ ಮರೂನ್. ಒಂದರ ರೆಗ್ಯುಲೇಟರ್ ಇನ್ನೊಂದಕ್ಕೆ ಕೂರಬಾರದೆಂದು ಅಸಿಟಲೀನಿನ ನಟ್ಟಿಗೆ ಎಡಕ್ಕೆ ತಿರುಗಿಸಿ ಬಿಗಿಯುವ ಎಡಮರೆ ಕೊಟ್ಟಿರುತ್ತಾರೆ. ಆಕ್ಸಿಜನ್ ವಾಲ್ವಿಗೆ ಎಣ್ಣೆ, ಗ್ರೀಸ್ ತಾಗಕೂಡದು. ಅಸಿಟಲೀನ್ ಸಿಲಿಂಡರನ್ನು ಮಲಗಿಸಿ ಬಳಸಕೂಡದು, ಒಳಗಿನ ಅಸಿಟೋನ್ ದ್ರವ ಹೊರಬರುತ್ತದೆ. ಇದೆಲ್ಲ ಬಾಯಿಪಾಠವಾದ ಮೇಲೆ ಹೋಲ್ಡರ್ ಕೈಗೆ ಬರುತ್ತದೆ. ರಾಡನ್ನು ಪ್ಲೇಟಿನ ಮೇಲೆ ಗೀರಿ ಆರ್ಕ್ ಹುಟ್ಟಿಸಬೇಕು. ಹುಟ್ಟುವುದಿಲ್ಲ, ರಾಡು ಅಂಟಿಕೊಳ್ಳುತ್ತದೆ. ಕಿತ್ತು ಮತ್ತೆ ಗೀರಬೇಕು. ಹುಟ್ಟಿದ ಆರ್ಕನ್ನು ಹಿಡಿದಿಡುವುದು ಮುಂದಿನ ಕಷ್ಟ. ರಾಡು ಕರಗುತ್ತ ಗಿಡ್ಡವಾಗುತ್ತದೆ, ಅದೇ ವೇಗದಲ್ಲಿ ಕೈ ಕೆಳಗಿಳಿಯಬೇಕು, ಜೊತೆಗೇ ಪಕ್ಕಕ್ಕೂ ಸಾಗಬೇಕು. ಕಪ್ಪು ಗಾಜಿನ ಹಿಂದಿನಿಂದ ಕಾಣುವುದು ಕರಗಿದ ಲೋಹದ ಸಣ್ಣ ಗುಂಡಿ ಮಾತ್ರ. ಮೇಲೆ ಗಟ್ಟಿಯಾದ ಸ್ಲ್ಯಾಗ್ ಪದರವನ್ನು ಸುತ್ತಿಗೆಯಿಂದ ಕುಟ್ಟಿ ತೆಗೆದಾಗಲೇ ಗೊತ್ತಾಗುವುದು, ಬೀಡ್, ಅಂದರೆ ಬೆಸುಗೆಯ ಗೆರೆ, ನೆಟ್ಟಗಿದೆಯೋ ಸೊಟ್ಟಗಿದೆಯೋ.

ಮಲಗಿಸಿಟ್ಟ ಪ್ಲೇಟಿನಿಂದ ಶುರುವಾಗಿ ಗೋಡೆಯಂತೆ ನಿಂತ ಪ್ಲೇಟು, ಆಮೇಲೆ ತಲೆಯ ಮೇಲಿನ ಜೋಡಣೆ, ಹೀಗೆ ಕಷ್ಟ ಏರುತ್ತದೆ. ಈ ಸ್ಥಾನಗಳಿಗೆ 1ಜಿ, 2ಜಿ ಎಂಬ ಹೆಸರುಗಳಿವೆ. 6ಜಿ ಎಂದರೆ 45 ಡಿಗ್ರಿ ಓರೆಯಾಗಿ ಕದಲದಂತೆ ಬಿಗಿದ ಪೈಪು. ಅದರ ಸುತ್ತ ವೆಲ್ಡ್ ಮಾಡುವವನು ಮೇಲೆ, ಪಕ್ಕ, ಕೆಳಗೆ ಎಲ್ಲ ಸ್ಥಾನಗಳಲ್ಲೂ ಕೈ ತಿರುಗಿಸಬೇಕು. ಪರೀಕ್ಷೆಗೆಂದು ಮಾಡಿದ ಜೋಡಣೆಯಿಂದ ಪಟ್ಟಿ ಕತ್ತರಿಸಿ ಯು ಆಕಾರಕ್ಕೆ ಬಗ್ಗಿಸುತ್ತಾರೆ. ಬಿರುಕು ಬಿಟ್ಟರೆ ಫೇಲು. ಮಾರ್ಕ್ಸ್ ಕೊಡುವವರ ದಾಕ್ಷಿಣ್ಯಕ್ಕೆ ಇಲ್ಲಿ ಜಾಗವಿಲ್ಲ, ನನಗೆ ಈ ಪರೀಕ್ಷೆ ಇಷ್ಟವಾಗುವುದು ಅದಕ್ಕೇ.

ಥಿಯರಿ ಬೇಡವೇ? ಬೇಕು. 7018 ನಂಬರಿನ ರಾಡನ್ನು ಬಳಸುವ ಮೊದಲು ಓವನ್‌ನಲ್ಲಿ ಒಣಗಿಸಬೇಕು. ರಾಡಿನ ಮೇಲಿನ ಲೇಪ ತೇವ ಹೀರಿದ್ದರೆ ಆ ನೀರಿನ ಹೈಡ್ರೋಜನ್ ಲೋಹದೊಳಗೆ ಸೇರಿ, ವೆಲ್ಡ್ ತಣ್ಣಗಾದ ಎಷ್ಟೋ ಹೊತ್ತಿನ ಮೇಲೆ ಬಿರುಕು ಬಿಡಬಹುದು. ಬೆಂಗಳೂರಿನ ಜಡಿಮಳೆಯಲ್ಲಿ ಬಿಚ್ಚಿಟ್ಟ ಪ್ಯಾಕೆಟ್ಟಿನಿಂದ ರಾಡು ತೆಗೆದು ಹಾಗೇ ಹೊಡೆಯುವವನಿಗೆ ಇದು ತಿಳಿದಿರುವುದಿಲ್ಲ. ತಿಳಿಸುವವರೂ ಇರುವುದಿಲ್ಲ.

ಇಂಥ ಕಲಿಕೆಗೂ ಕಟ್ಟಡ, ಹಣ, ಗೌರವ ಬೇಕೆಂದು ಈ ಊರು ಮೊದಲೇ ಕಂಡುಕೊಂಡಿತ್ತು. ಅವೆನ್ಯೂ ರಸ್ತೆ ಮುಗಿಯುವ ಮೈಸೂರು ಬ್ಯಾಂಕ್ ವೃತ್ತದಿಂದ ನಡೆದೇ ಹೋಗಬಹುದಾದಷ್ಟು ಹತ್ತಿರ, ಕೆ.ಆರ್. ವೃತ್ತದ ಬಳಿ, ಎಸ್.ಜೆ. ಪಾಲಿಟೆಕ್ನಿಕ್ ಇದೆ. ಭದ್ರಾವತಿ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತಿದ್ದಕ್ಕೆ ತಮಗೆ ಸಲ್ಲಬೇಕಿದ್ದ ಹಣವನ್ನು ಸರ್ ಎಂ. ವಿಶ್ವೇಶ್ವರಯ್ಯನವರು ಕಸುಬು ಕಲಿಸುವ ಶಾಲೆಗೆ ಬಿಟ್ಟುಕೊಟ್ಟರು. ತಮ್ಮ ಹೆಸರು ಬೇಡವೆಂದರು. ಹಾಗೆ ಹುಟ್ಟಿದ್ದು ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್, ಇಂದಿನ ಎಸ್.ಜೆ.ಪಿ. ಈಗ ಅಲ್ಲಿ ಡಿಪ್ಲೊಮಾ ಓದು ನಡೆಯುತ್ತದೆ. ಕಸುಬಿನ ಕಲಿಕೆ ಐಟಿಐಗಳ ಪಾಲಿಗೆ ಬಂದಿದೆ. 2022ರ ಜೂನ್‌ನಲ್ಲಿ ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿದ ರಾಜ್ಯದ 150 ಐಟಿಐಗಳ ಉದ್ಘಾಟನೆಯಾಯಿತು. ಯಂತ್ರಗಳು ಹೊಸದಾದವು. ನೆಂಟರ ಮನೆಯಲ್ಲಿ 'ಮಗ ಐಟಿಐ' ಎಂದಾಗ ಹುಟ್ಟುವ ಮೌನವನ್ನು ಮೇಲ್ದರ್ಜೆಗೇರಿಸುವ ಯೋಜನೆ ಮಾತ್ರ ಇನ್ನೂ ಬಂದಿಲ್ಲ.

ಕೋರ್ಸು ಮುಗಿಸಿದವರಿಗೆ 1961ರ ಅಪ್ರೆಂಟಿಸ್ ಕಾಯ್ದೆಯಡಿ ಎಚ್‌ಎಎಲ್, ಬಿಇಎಂಎಲ್‌ನಂಥ ಕಾರ್ಖಾನೆಗಳಲ್ಲಿ ಸ್ಟೈಪೆಂಡ್ ಸಹಿತ ತರಬೇತಿಗೆ ದಾರಿಯಿದೆ. ಅಲ್ಲಿಂದಾಚೆಗೆ ಕೂಲಿ ನಿರ್ಧರಿಸುವುದು ಕೈ: ಗೇಟು ಹೊಡೆಯುವವನಿಗೂ ಆರ್ಗಾನ್ ಅನಿಲದ ವೆಲ್ಡಿಂಗಿನಲ್ಲಿ ಸ್ಟೇನ್‌ಲೆಸ್ ಪೈಪು ಜೋಡಿಸುವವನಿಗೂ ಒಂದೇ ದರವಿಲ್ಲ.

ಎಸ್ಸೆಸ್ಸೆಲ್ಸಿ ಫಲಿತಾಂಶದ ನಂತರ ಐಟಿಐ ಪ್ರವೇಶ ಶುರುವಾಗುತ್ತದೆ. ಡೈರಿ ವೃತ್ತದ ಬಳಿಯ ಕೌಶಲ್ಯ ಭವನದಲ್ಲಿ ವಿಚಾರಿಸಬಹುದು. ಅರ್ಜಿ ಹಾಕುವ ಮೊದಲು ಮಗನನ್ನೋ ಮಗಳನ್ನೋ ಕರೆದುಕೊಂಡು ಆ ಸಂಸ್ಥೆಯ ವೆಲ್ಡಿಂಗ್ ಶೆಡ್ಡಿಗೆ ಹೋಗಿ ಬನ್ನಿ. ಕಟ್ಟಡದ ಬಣ್ಣ ನೋಡಬೇಡಿ. ಹೊಗೆ ಎಳೆಯುವ ಫ್ಯಾನು ತಿರುಗುತ್ತಿದೆಯೇ, ಎಲ್ಲರ ಮುಖಕ್ಕೂ ಶೀಲ್ಡ್ ಇದೆಯೇ ನೋಡಿ. ಒಬ್ಬೊಬ್ಬರಿಗೆ ದಿನಕ್ಕೆ ಎಷ್ಟು ರಾಡು ಕೊಡುತ್ತೀರಿ ಎಂದು ನೇರವಾಗಿ ಕೇಳಿ. ಉತ್ತರ ತಡವರಿಸಿದರೆ ಬೇರೆ ಐಟಿಐ ಹುಡುಕಿ.