ಮೊದಲ ಸಾಲಿನ ಜಗಳ

2009ರ ಸೆಪ್ಟೆಂಬರ್ 26. ಚಿತ್ರ ನಿರ್ದೇಶಕ ರೋಮನ್ ಪೊಲಾನ್ಸ್ಕಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಮಾನ ನಿಲ್ದಾಣದಲ್ಲಿ ಬಂದಿಳಿದರು. ಅಲ್ಲಿನ ಚಿತ್ರೋತ್ಸವದಲ್ಲಿ ಅವರ ಜೀವಮಾನದ ಸಾಧನೆಗೆ ಸನ್ಮಾನ ಏರ್ಪಾಡಾಗಿತ್ತು. ಆದರೆ ಹಾರ ತುರಾಯಿಗಳಿಗಿಂತ ಮೊದಲು ಅವರನ್ನು ಎದುರುಗೊಂಡದ್ದು ಪೊಲೀಸರು. ಅಮೆರಿಕದಲ್ಲಿ 1978ರಿಂದ ಬಾಕಿ ಉಳಿದಿದ್ದ ಪ್ರಕರಣವೊಂದರಲ್ಲಿ ಅವರ ಬಂಧನವಾಯಿತು.

ಸುದ್ದಿ ಹರಡುತ್ತಿದ್ದಂತೆಯೇ ಇನ್ನೊಂದು ಕಡೆ ಜಗಳವೊಂದು ಬಿರುಸಾಯಿತು. ಅದು ನಡೆದದ್ದು ಬೀದಿಯಲ್ಲಲ್ಲ, ವಿಶ್ವಕೋಶದೊಳಗೆ! ಯಾರು ಬೇಕಾದರೂ ಬರೆಯಬಹುದಾದ, ತಿದ್ದಬಹುದಾದ ಅಂತರ್ಜಾಲ ವಿಶ್ವಕೋಶ ವಿಕಿಪೀಡಿಯದ ಇಂಗ್ಲಿಷ್ ಆವೃತ್ತಿಯಲ್ಲಿ ಪೊಲಾನ್ಸ್ಕಿ ಬಗೆಗಿನ ಲೇಖನವನ್ನು ಒಬ್ಬರು ತಿದ್ದುವುದು, ಮತ್ತೊಬ್ಬರು ಅದನ್ನು ಅಳಿಸುವುದು ನಡೆದೇ ಇತ್ತು. ಕೊನೆಗೆ ನಿರ್ವಾಹಕರು ಪುಟಕ್ಕೆ ಕೆಲಕಾಲ ಬೀಗ ಹಾಕಬೇಕಾಯಿತು.

ಜಗಳವೆಂದರೆ ಒಬ್ಬರು ನಿಜ ಹೇಳುತ್ತಿದ್ದಾರೆ, ಮತ್ತೊಬ್ಬರು ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ಭಾವಿಸುವುದು ಸಹಜ. ಇಲ್ಲಿ ಹಾಗಿರಲಿಲ್ಲ. ಮುಖ್ಯ ಸಂಗತಿಗಳ ಬಗ್ಗೆ ಹೆಚ್ಚಿನ ತಕರಾರೇನೂ ಇರಲಿಲ್ಲ. ಹಾಗಾದರೆ ಕಾದಾಟ ಯಾತಕ್ಕೆ?

ಒಪ್ಪಿತ ಸಂಗತಿಗಳು

ಪೊಲಾನ್ಸ್ಕಿ ಹುಟ್ಟಿದ್ದು 1933ರಲ್ಲಿ, ಪ್ಯಾರಿಸ್ಸಿನಲ್ಲಿ. ಬಾಲ್ಯ ಕಳೆದದ್ದು ಪೋಲೆಂಡಿನಲ್ಲಿ. ಯಹೂದಿ ಕುಟುಂಬದ ಈ ಹುಡುಗನ ತಾಯಿ ನಾಜಿಗಳ ಆಶ್‌ವಿಟ್ಜ್ ಶಿಬಿರದಲ್ಲಿ ಹತರಾದರು. 1969ರಲ್ಲಿ ತುಂಬು ಗರ್ಭಿಣಿಯಾಗಿದ್ದ ಪತ್ನಿ, ನಟಿ ಶರಾನ್ ಟೇಟ್ ಅವರನ್ನು ಚಾರ್ಲ್ಸ್ ಮ್ಯಾನ್ಸನ್‌ನ ಹಿಂಬಾಲಕರು ಕೊಂದರು. ‘ರೋಸ್‌ಮರೀಸ್ ಬೇಬಿ’ (1968), ‘ಚೈನಾಟೌನ್’ (1974), ‘ದ ಪಿಯಾನಿಸ್ಟ್’ (2002) ಅವರ ಹೆಸರಾಂತ ಚಿತ್ರಗಳು. ಕೊನೆಯದಕ್ಕೆ ಶ್ರೇಷ್ಠ ನಿರ್ದೇಶಕರೆಂದು ಆಸ್ಕರ್ ಬಂತು.

ಇನ್ನೊಂದು ಮುಖವೂ ಇದೆ. 1977ರಲ್ಲಿ, ತಮ್ಮ 43ನೇ ವಯಸ್ಸಿನಲ್ಲಿ, ಲಾಸ್ ಏಂಜಲೀಸ್‌ನಲ್ಲಿ 13 ವರ್ಷದ ಬಾಲಕಿಯೊಬ್ಬಳ ಮೇಲೆ ದೌರ್ಜನ್ಯ ಎಸಗಿದ ಆರೋಪದಲ್ಲಿ ಅವರು ಸಿಕ್ಕಿಬಿದ್ದರು. ಅತ್ಯಾಚಾರವೂ ಸೇರಿ ಆರು ಆರೋಪಗಳಿದ್ದವು. ತಾನು ಬೇಡವೆಂದರೂ ಅವರು ಕೇಳಲಿಲ್ಲ ಎಂದು ಬಾಲಕಿ ಸಾಕ್ಷ್ಯ ನುಡಿದಿದ್ದಳು. ಬಳಿಕ ಎರಡೂ ಕಡೆಯ ವಕೀಲರ ನಡುವೆ ಒಪ್ಪಂದವಾಗಿ, ‘ಅಪ್ರಾಪ್ತ ವಯಸ್ಕಳೊಂದಿಗೆ ಕಾನೂನುಬಾಹಿರ ಲೈಂಗಿಕ ಸಂಪರ್ಕ’ ಎಂಬ ಒಂದೇ ಆರೋಪಕ್ಕೆ ಪೊಲಾನ್ಸ್ಕಿ ತಪ್ಪೊಪ್ಪಿಕೊಂಡರು. ಮಾನಸಿಕ ಪರೀಕ್ಷೆಗೆಂದು 42 ದಿನ ಸೆರೆಮನೆಯಲ್ಲಿದ್ದರು. ಶಿಕ್ಷೆ ಪ್ರಕಟವಾಗುವ ಮುನ್ನ, 1978ರಲ್ಲಿ, ಫ್ರಾನ್ಸಿಗೆ ಪಲಾಯನ ಮಾಡಿದರು.

ಇವಿಷ್ಟನ್ನೂ ಒಪ್ಪಿಕೊಂಡವರೇ ಪರಸ್ಪರ ಕಾದಾಡಿದರು.

ಪದ, ಜಾಗ, ಅಳತೆ

ಈ ಪುಟದ ಚರ್ಚೆಗಳಲ್ಲಿ ಮರಳಿ ಮರಳಿ ಬಂದ ಪ್ರಶ್ನೆಗಳನ್ನು ಮೂರಾಗಿ ವಿಂಗಡಿಸಬಹುದು.

ಮೊದಲನೆಯದು ಪದ. ‘ಅತ್ಯಾಚಾರ’ ಎನ್ನಬೇಕೇ, ಅಥವಾ ಅವರು ಒಪ್ಪಿಕೊಂಡ ಅಪರಾಧದ ಹೆಸರನ್ನೇ ಬಳಸಬೇಕೇ? ನ್ಯಾಯಾಲಯದ ದಾಖಲೆಯಂತೆ ಎರಡನೆಯದೇ ಸರಿ ಎಂಬುದು ಒಂದು ವಾದ. ಹದಿಮೂರರ ಬಾಲಕಿಯ ಮೇಲಿನ ಕೃತ್ಯವನ್ನು ‘ಸಂಪರ್ಕ’ ಎಂದು ತೇಲಿಸುವುದು ಅನ್ಯಾಯ ಎಂಬುದು ಪ್ರತಿವಾದ. ಕನ್ನಡದಲ್ಲಿ ಬರೆಯುವವರಿಗೂ ಈ ತೊಡಕು ತಪ್ಪಿದ್ದಲ್ಲ. ಭಾರತದ ಈಗಿನ ಕಾನೂನಿನಲ್ಲಿ 18 ವರ್ಷದೊಳಗಿನ ಬಾಲಕಿಯ ‘ಒಪ್ಪಿಗೆ’ಗೆ ಬೆಲೆಯಿಲ್ಲ, ಅದು ಅತ್ಯಾಚಾರವೇ. ಒಂದು ದೇಶದ ಕಾನೂನಿನ ಪದವನ್ನು ಇನ್ನೊಂದು ಭಾಷೆಗೆ ತಂದ ಕೂಡಲೇ ಅದರ ತೂಕ ಬದಲಾಗುತ್ತದೆ.

ಎರಡನೆಯದು ಜಾಗ. ‘ಚಿತ್ರ ನಿರ್ದೇಶಕ’ ಎಂಬುದರ ಪಕ್ಕದಲ್ಲೇ ಅಪರಾಧವೂ ಬರಬೇಕೇ, ಕೆಳಗಿನ ಪ್ಯಾರಾದಲ್ಲಿ ಬಂದರೆ ಸಾಕೇ? ಅವಸರದ ಓದುಗ ಮೊದಲ ಸಾಲು ಓದಿ ಮುಂದೆ ಹೋಗಿಬಿಡುತ್ತಾನೆ. ಆದ್ದರಿಂದಲೇ ಅಲ್ಲಿ ಇಷ್ಟು ನೂಕುನುಗ್ಗಲು.

ಮೂರನೆಯದು ಅಳತೆ. ಅರ್ಧ ಶತಮಾನದ ಚಿತ್ರಜೀವನಕ್ಕೆ ಎಷ್ಟು ಸಾಲು, ಪ್ರಕರಣಕ್ಕೆ ಎಷ್ಟು ಸಾಲು? ಬಂಧನದಂಥ ಸುದ್ದಿ ಬಂದಾಗ ಪ್ರಕರಣದ ಭಾಗ ಉಬ್ಬಿಕೊಳ್ಳುತ್ತದೆ. ಅಭಿಮಾನಿಗಳು ಬಂದಾಗ ಕುಗ್ಗುತ್ತದೆ.

ಬೀಗ ಬಿದ್ದ ಪುಟ

2001ರಲ್ಲಿ ಆರಂಭವಾದ ವಿಕಿಪೀಡಿಯದಲ್ಲಿ ಪ್ರಧಾನ ಸಂಪಾದಕರೆಂಬುವರಿಲ್ಲ. ಇರುವುದು ನಿಯಮಗಳು. ಬರೆದದ್ದಕ್ಕೆಲ್ಲ ನಂಬಲರ್ಹ ಪ್ರಕಟಿತ ಆಧಾರ ಇರಬೇಕು. ಯಾವ ಪಕ್ಷದ ಕಡೆಗೂ ವಾಲಬಾರದು. ಒಬ್ಬರೇ 24 ಗಂಟೆಯಲ್ಲಿ ಒಂದೇ ಪುಟದಲ್ಲಿ ಇತರರ ತಿದ್ದುಪಡಿಯನ್ನು ಮೂರಕ್ಕಿಂತ ಹೆಚ್ಚು ಸಲ ರದ್ದುಗೊಳಿಸುವಂತಿಲ್ಲ.

ಜೀವಂತ ವ್ಯಕ್ತಿಗಳ ಬಗೆಗಿನ ನಿಯಮ ಇನ್ನೂ ಬಿಗಿ. ಅದಕ್ಕೊಂದು ಹಿನ್ನೆಲೆಯಿದೆ. 2005ರಲ್ಲಿ ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗನ್‌ಥಾಲರ್ ಅವರನ್ನು ಕೆನಡಿ ಸೋದರರ ಹತ್ಯೆಗೆ ತಳುಕು ಹಾಕಿದ ಹಸಿ ಸುಳ್ಳೊಂದು ಅವರ ಪುಟದಲ್ಲಿ ಸುಮಾರು ನಾಲ್ಕು ತಿಂಗಳು ಹಾಗೆಯೇ ಉಳಿದಿತ್ತು. ಆ ಪೆಟ್ಟು ತಿಂದ ಮೇಲೆ, ಆಧಾರವಿಲ್ಲದ ಆಪಾದನೆಯನ್ನು ಕಂಡ ಕೂಡಲೇ ತೆಗೆದುಹಾಕಬೇಕೆಂಬ ಕಟ್ಟುನಿಟ್ಟು ಬಲವಾಯಿತು.

ಇಷ್ಟಾದರೂ ಜಗಳ ನಿಲ್ಲದಿದ್ದರೆ ಬೀಗ. ವಿಕಿಪೀಡಿಯದ ಬರಹಗಾರರಲ್ಲಿ ಒಂದು ಹಳೆಯ ತಮಾಷೆಯಿದೆ: ಬೀಗ ಬೀಳುವುದು ಯಾವಾಗಲೂ ತಪ್ಪು ಆವೃತ್ತಿಗೇ! ಬೀಗ ಬಿದ್ದ ಕ್ಷಣದಲ್ಲಿ ಯಾರ ವಾಕ್ಯ ಪುಟದಲ್ಲಿಲ್ಲವೋ ಅವರಿಗೆ ಅದು ತಪ್ಪು ಆವೃತ್ತಿ. ವಾಸ್ತವವಾಗಿ ಬೀಗ ಯಾವ ತೀರ್ಪನ್ನೂ ಕೊಡುವುದಿಲ್ಲ. ತಿದ್ದುವ ಕೈಗಳನ್ನು ಕಟ್ಟಿ, ಮಾತಿಗೆ ಕೂರಿಸುತ್ತದೆ, ಅಷ್ಟೆ.

ಕಾಣುವ ಜಗಳ, ಕಾಣದ ಜಗಳ

ಇಂಥ ತಕರಾರು ವಿಶ್ವಕೋಶಗಳಿಗೆ ಹೊಸದೇನಲ್ಲ. ಮೈಸೂರು ವಿಶ್ವವಿದ್ಯಾನಿಲಯ ಹೊರತಂದ ಹದಿನಾಲ್ಕು ಸಂಪುಟಗಳ ಕನ್ನಡ ವಿಶ್ವಕೋಶವೇ ಇರಲಿ, ಜಗತ್ತಿನ ಇನ್ನಾವುದೇ ಮುದ್ರಿತ ಕೋಶವಿರಲಿ, ಯಾರಿಗೆ ಎಷ್ಟು ಸಾಲು ಎಂಬುದನ್ನು ಯಾರಾದರೂ ನಿರ್ಧರಿಸಲೇಬೇಕು. ಅಲ್ಲಿ ಆ ಮಾತುಕತೆ ಸಂಪಾದಕರ ಕೋಣೆಯಲ್ಲಿ ಮುಗಿಯುತ್ತದೆ. ಓದುಗನ ಕೈಗೆ ಬರುವುದು ತೀರ್ಮಾನ ಮಾತ್ರ. ಇಲ್ಲಾದರೋ ಯಾವ ಪದ ಯಾವಾಗ ಬಂತು, ಯಾರು ತೆಗೆದರು, ಏಕೆ ತೆಗೆದರು ಎಂಬುದೆಲ್ಲ ದಾಖಲಾಗುತ್ತದೆ.

ಈ ಜಗಳವನ್ನು ಕೆಲಸವಿಲ್ಲದವರ ಹಟವೆಂದು ತಳ್ಳಿಹಾಕುವಂತಿಲ್ಲ. ಮೊದಲ ಸಾಲಿನ ಹಿಂದೆ ಒಬ್ಬ ನಿರ್ದೇಶಕರಷ್ಟೇ ಅಲ್ಲ, ಒಬ್ಬ ಮಹಿಳೆಯೂ ಇದ್ದಾರೆ. ಪ್ರಕರಣವನ್ನು ಇನ್ನು ಕೈಬಿಡಿ ಎಂದು ಮುಂದೆ ನ್ಯಾಯಾಲಯವನ್ನು ಕೋರಿದವರೂ ಆಕೆಯೇ. ಅತ್ತ ಸ್ವಿಟ್ಜರ್ಲೆಂಡ್ 2010ರ ಜುಲೈನಲ್ಲಿ ಪೊಲಾನ್ಸ್ಕಿಯನ್ನು ಅಮೆರಿಕಕ್ಕೆ ಒಪ್ಪಿಸಲು ನಿರಾಕರಿಸಿ ಬಿಡುಗಡೆ ಮಾಡಿತು. ಆಸ್ಕರ್ ಕೊಟ್ಟ ಅಕಾಡೆಮಿಯೇ 2018ರಲ್ಲಿ ಅವರನ್ನು ಹೊರಹಾಕಿತು. ಪ್ರತಿ ತಿರುವಿನಲ್ಲೂ ಹಳೆಯ ಪ್ರಶ್ನೆ ಹೊಸದಾಗಿ ಏಳುತ್ತದೆ: ಈ ಮನುಷ್ಯನ ಬಗ್ಗೆ ಮೊದಲು ಹೇಳಬೇಕಾದದ್ದು ಯಾವುದು?

ಒಪ್ಪಿತ ಸಂಗತಿಗಳಷ್ಟರಿಂದಲೇ ಅದಕ್ಕೆ ಉತ್ತರ ಸಿಗುವುದಿಲ್ಲ. ಅಲ್ಲಿ ಬೇಕಾದದ್ದು ವಿವೇಚನೆ. ಮುಂದಿನ ಸಲ ವಿಕಿಪೀಡಿಯದಲ್ಲಿ ಯಾರದಾದರೂ ಜೀವನಚರಿತ್ರೆ ಓದುವಾಗ ಪುಟದ ಮೇಲ್ಭಾಗದಲ್ಲಿರುವ ‘ಚರ್ಚೆ’ ಎಂಬ ಪದವನ್ನು ಒಮ್ಮೆ ಒತ್ತಿ ನೋಡಿ. ಮೊದಲ ಸಾಲು ಅಲ್ಲಿಗೆ ಹೇಗೆ ಬಂತೆಂಬ ಕಥೆ ಅಲ್ಲಿರಬಹುದು.