ಬಂದರದ ದುರ್ಗವೂ ನೃದುರ್ಗವೂ

ನವಲಗುಂದ, ಅಣ್ಣಿಗೇರಿಗಳ ಕರಿನೆಲದಲ್ಲಿ ಬೆಳೆದವರಿಗೆ ಸಮುದ್ರವು ಪುರಾಣಶ್ರವಣದಿಂದ ತಿಳಿದ ವಸ್ತು. ಆದರೂ 19ನೆಯ ಶತಮಾನದಲ್ಲಿ ನಮ್ಮ ಸೀಮೆಯ ಅರಳೆಯು ಬಂಡಿಗಳ ಮೇಲೆ ಘಟ್ಟವಿಳಿದು ಕುಮಟೆಯ ಬಂದರದಿಂದ ಮುಂಬಯಿಗೆ ಹೋಗುತ್ತಿದ್ದಿತು. ಬಂದರವು ಮುಚ್ಚಿದರೆ ಒಳನಾಡಿನ ಒಕ್ಕಲಿಗನಿಗೂ ಬಾಧೆ ತಪ್ಪದು. ಆದುದರಿಂದ ಬಂದರವನ್ನು ಕಾಯ್ದವರು ಯಾರು, ಅವರ ಕೋಟೆ ಕಂದಕಗಳನ್ನು ಮಾಡಿದವರು ತಾವಾಗಿ ಬಂದವರೋ ಹಿಡಿತರಲ್ಪಟ್ಟವರೋ ಎಂಬ ವಿಚಾರವು ನಮಗೆ ಪರಕೀಯವಲ್ಲ.

ಮನುವು ದುರ್ಗಗಳನ್ನು ಆರು ವಿಧವಾಗಿ ವಿಂಗಡಿಸುವಲ್ಲಿ ಅಬ್ದುರ್ಗವನ್ನೂ ನೃದುರ್ಗವನ್ನೂ ಬೇರೆಬೇರೆಯಾಗಿ ಎಣಿಸಿದ್ದಾನೆ. ಮೊದಲನೆಯದು ನೀರಿನ ರಕ್ಷೆ; ಎರಡನೆಯದು ಮನುಷ್ಯರ ರಕ್ಷೆ. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಲ್ಲಿ ಪ್ರಕಟಿಸಿದ ಕೌಟಿಲೀಯ ಅರ್ಥಶಾಸ್ತ್ರವು ಯುದ್ಧಕಾಲದಲ್ಲಿ ಶಿಬಿರ, ದಾರಿ, ಸೇತುವೆ, ಬಾವಿಗಳನ್ನು ಸರಿಪಡಿಸುವ ಕೆಲಸವನ್ನು ವಿಷ್ಟಿಗೆ ವಹಿಸುತ್ತದೆ. ಈ ವಿಷ್ಟಿ ಶಬ್ದದ ತದ್ಭವವೇ ನಮ್ಮ ‘ಬಿಟ್ಟಿ’. ಅದೇ ಗ್ರಂಥವು ಹೇಳುವ ಷಡ್ವಿಧ ಬಲಗಳಲ್ಲಿ ಶ್ರೇಣೀಬಲವೂ ಒಂದು. ಅದು ವೃತ್ತಿಸಂಘದವರ ಪಡೆ. ಬಲಾತ್ಕಾರದ ದುಡಿಮೆಗೂ ಸ್ವಂತ ಸಂಘದ ದುಡಿಮೆಗೂ ಇರುವ ಭೇದವು ಹೀಗೆ ಪ್ರಾಚೀನವಾದುದೇ ಆಗಿದೆ.

ಕರ್ಣಾಟಕದ ಕರಾವಳಿಯಲ್ಲಿ ಇದಕ್ಕೆ ಮಂಗಳೂರೇ ಉತ್ತಮ ನಿದರ್ಶನವು. ನೇತ್ರಾವತಿ ಗುರುಪುರ ನದಿಗಳು ಕಡಲು ಸೇರುವ ಈ ಬಂದರವನ್ನು ಹೈದರಾಲಿಯು 1763ರಲ್ಲಿ ಬಿದನೂರಿನೊಡನೆ ಪಡೆದು ನೌಕಾಸ್ಥಾನವನ್ನಾಗಿ ಮಾಡಿದನು. 1783ರ ಮಾರ್ಚಿಯಲ್ಲಿ ಇಂಗ್ಲಿಷರು ಕೋಟೆಯನ್ನು ಹಿಡಿದರು. ಮೇ ತಿಂಗಳಿನಲ್ಲಿ ಟೀಪು ಸುಲ್ತಾನನು ಮುತ್ತಿಗೆ ಹಾಕಿದನು. ಒಳಗೆ ಕರ್ನಲ್ ಕ್ಯಾಂಪ್‌ಬೆಲ್. ಹೊರಗೆ ಸುಲ್ತಾನನೊಡನೆ ಫ್ರೆಂಚರ ತುಕಡಿ. ಯುರೋಪಿನಲ್ಲಿ ಸಂಧಿಯಾಯಿತೆಂಬ ವಾರ್ತೆ ಬರಲು ಫ್ರೆಂಚರು ಯುದ್ಧದಿಂದ ಸರಿದರು. ಆಗಸ್ಟ್ 2ರಂದು ಕದನವು ನಿಂತಿತು. ಆದರೆ ಹಸಿವು ನಿಲ್ಲಲಿಲ್ಲ. ನವೆಂಬರಿನಲ್ಲಿ ಸಹಾಯದ ಹಡಗುಗಳು ಕಂಡರೂ ಕೋಟೆಯವರ ಬವಣೆ ತೀರಲಿಲ್ಲ. ರೋಗಕ್ಕೂ ಕ್ಷಾಮಕ್ಕೂ ಸಿಕ್ಕಿದ ದಂಡು 1784ರ ಜನವರಿ 30ರಂದು ಕೋಟೆಯನ್ನು ಒಪ್ಪಿಸಿತು. ಮಾರ್ಚಿ 11ರಂದು ಮಂಗಳೂರಿನ ಕೌಲು ಆಯಿತು. ಗೋಡೆಯು ನಿಂತಿದ್ದರೂ ಅನ್ನದ ದಾರಿ ಕಡಿದರೆ ದುರ್ಗವು ನಿಲ್ಲದೆಂಬುದೇ ಇದರ ತಾತ್ಪರ್ಯ.

ಆ ವರ್ಷವೇ ಟೀಪುವು ಬೋಳೂರಿನಲ್ಲಿ, ಗುರುಪುರ ನದಿಯ ದಡದ ಮೇಲೆ, ಕರಿಕಲ್ಲಿನ ಸುಲ್ತಾನ್ ಬತ್ತೇರಿಯನ್ನು ಕಟ್ಟಿಸಿದನು. ನೋಡಲು ಕಾವಲುಗೋಪುರದಂತಿದ್ದರೂ ಅದರ ತೋಪುಗಂಡಿಗಳು ಸುತ್ತಲೂ ತೆರೆದಿವೆ. ಕೆಳಗೆ ಮದ್ದಿನ ಕೋಠಿಯಿದೆ. ಯುದ್ಧನೌಕೆಗಳು ನದೀಮುಖದಿಂದ ಒಳಬಾರದಂತೆ ತಡೆಯುವುದು ಅದರ ಪ್ರಯೋಜನ.

ಇದೇ ಯುದ್ಧದ ಆರಂಭದಲ್ಲಿ, 1780ರ ಸೆಪ್ಟೆಂಬರ್ 30ರಂದು, ಮದರಾಸಿನಲ್ಲಿ ಪಯೊನೀರರ ಎರಡು ತುಕಡಿಗಳು ಹುಟ್ಟಿದವು. ಗುದ್ದಲಿಯನ್ನು ಹಿಡಿದವನೂ ಸಂಬಳದ ಸಿಪಾಯಿಯೇ ಆದುದು ಇಲ್ಲಿಯ ವಿಶೇಷ. ಆ ಪಡೆಯೇ ಕಾಲಕ್ರಮದಲ್ಲಿ ಮದರಾಸು ಸ್ಯಾಪರ್ಸ್ ಎನಿಸಿ, ಇಂದು ಬೆಂಗಳೂರನ್ನು ಕೇಂದ್ರವಾಗುಳ್ಳ ಮದ್ರಾಸ್ ಇಂಜಿನಿಯರ್ ಗ್ರೂಪ್ ಆಗಿದೆ. ಅದರಲ್ಲಿ ಸ್ವೇಚ್ಛೆಯಿಂದ ಸೇರಿದ ಕನ್ನಡಿಗರೂ ಇದ್ದಾರೆ. ವಿಷ್ಟಿಯ ಕೆಲಸವು ಹೀಗೆ ಬಿಟ್ಟಿಯ ಕಳಂಕವನ್ನು ಕಳೆದುಕೊಂಡಿತು.

ಇತಿಹಾಸಗ್ರಂಥಗಳು ಸೇನಾನಿಗಳ ಹೆಸರನ್ನು ಹೇಳುತ್ತವೆ. ಕಂದಕ ಅಗೆದವರ ಹೆಸರನ್ನು ಹೇಳುವುದು ವಿರಳ. ನಮ್ಮ ಹಳ್ಳಿಗಳ ಮಣ್ಣಿನ ಹುಡೇವುಗಳ ವಿಷಯವೂ ಅಂತೆಯೇ. ಅವು ಮಳೆಗೆ ಕರಗುವುದಕ್ಕೆ ಮುಂಚೆ, ಕಟ್ಟಿದವರು ಯಾರು, ಅವರಿಗೆ ಕೂಲಿ ದೊರೆಯಿತೇ ಎಂಬುದನ್ನು ಗ್ರಾಮವೃದ್ಧರಿಂದಲೂ ಮನೆಯ ಕಾಗದಪತ್ರಗಳಿಂದಲೂ ವಾಚಕರು ಸಂಗ್ರಹಿಸತಕ್ಕದ್ದು. ನೃದುರ್ಗದ ಚರಿತ್ರೆಯು ಅಲ್ಲಿಂದಲೇ ಆರಂಭವಾಗಬೇಕಾಗಿದೆ.