ಅವಾಯುಜೀವಿ ಗ್ರಾಂ-ಧನಾತ್ಮಕ ದಂಡಾಣುಗಳು

ಅವಾಯುಜೀವಿ ಗ್ರಾಂ-ಧನಾತ್ಮಕ ದಂಡಾಣುಗಳು ಆಮ್ಲಜನಕವಿಲ್ಲದ ಪರಿಸರದಲ್ಲಿ ಬೆಳೆಯುವ, ಗ್ರಾಂ ವರ್ಣಲೇಪನದಲ್ಲಿ ನೇರಳೆ ಬಣ್ಣವನ್ನು ಉಳಿಸಿಕೊಳ್ಳುವ, ಕೋಲಿನಾಕಾರದ ಬ್ಯಾಕ್ಟೀರಿಯಾಗಳು. ಇವುಗಳಲ್ಲಿ ಬೀಜಾಣುಗಳನ್ನು ಉತ್ಪಾದಿಸುವ ಮುಖ್ಯ ಕುಲ ಕ್ಲಾಸ್ಟ್ರಿಡಿಯಂ. ಆಕ್ಟಿನೋಮೈಸಿಸ್, ಕ್ಯೂಟಿಬ್ಯಾಕ್ಟೀರಿಯಂ, ಬೈಫಿಡೊಬ್ಯಾಕ್ಟೀರಿಯಂ ಮೊದಲಾದವು ಬೀಜಾಣುರಹಿತ ಕುಲಗಳು. ಮಣ್ಣು, ಕರುಳು, ಬಾಯಿ ಮತ್ತು ಚರ್ಮ ಇವುಗಳ ಸಹಜ ನೆಲೆಗಳು. ಆದ್ದರಿಂದ ಮಾದರಿಯಲ್ಲಿ ಇವು ಕಂಡುಬಂದ ಮಾತ್ರಕ್ಕೆ ರೋಗವಿದೆಯೆಂದು ಹೇಳಲಾಗದು.

ಮಾದರಿ ಸಂಗ್ರಹ ಮತ್ತು ಕೃಷಿ

ಗಾಳಿಯ ಸಂಪರ್ಕದಲ್ಲಿ ಈ ಜೀವಿಗಳು ಸಾಯಬಹುದಾದುದರಿಂದ, ಹತ್ತಿಯ ಸ್ವಾಬ್‌ಗಿಂತ ಆಳದಿಂದ ಹೀರಿ ತೆಗೆದ ಕೀವು ಅಥವಾ ಅಂಗಾಂಶದ ತುಣುಕು ಉತ್ತಮ ಮಾದರಿ. ಅದನ್ನು ರಾಬರ್ಟ್‌ಸನ್ನರ ಬೇಯಿಸಿದ ಮಾಂಸದ ಮಾಧ್ಯಮದಲ್ಲಿ ಹಾಗೂ ರಕ್ತ ಅಗಾರ್‌ನಲ್ಲಿ ಹಾಕಿ, ಆಮ್ಲಜನಕ ತೆಗೆದ ಜಾಡಿಯಲ್ಲಿ 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸಾಮಾನ್ಯವಾಗಿ 48 ಗಂಟೆ ಇಡಲಾಗುತ್ತದೆ.

ಗುರುತಿಸುವ ಲಕ್ಷಣಗಳು

* ಕ್ಲಾಸ್ಟ್ರಿಡಿಯಂ ಟೆಟನಿ: ಕೋಶದ ತುದಿಯಲ್ಲಿ ದುಂಡನೆಯ ಬೀಜಾಣುವಿದ್ದು, ಡೋಲು ಬಾರಿಸುವ ಕೋಲಿನಂತೆ ಕಾಣುತ್ತದೆ. ಅಗಾರ್‌ನ ಮೇಲೆ ತೆಳುಪೊರೆಯಾಗಿ ಹರಡುತ್ತದೆ.
* ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್: ದಪ್ಪನೆಯ, ಚಲನೆಯಿಲ್ಲದ ದಂಡಾಣು, ಬೀಜಾಣು ಕಾಣುವುದು ವಿರಳ. ರಕ್ತ ಅಗಾರ್‌ನಲ್ಲಿ ಕಾಲೊನಿಯ ಸುತ್ತ ರಕ್ತಕಣಗಳು ಒಡೆದ ಎರಡು ವಲಯಗಳು ಮೂಡುತ್ತವೆ. ಮೊಟ್ಟೆಯ ಹಳದಿ ಬೆರೆಸಿದ ಅಗಾರ್‌ನಲ್ಲಿ ಮಬ್ಬಾದ ವಲಯ ಮೂಡಿ, ಪ್ರತಿವಿಷ ಸವರಿದ ಭಾಗದಲ್ಲಿ ಮೂಡದಿದ್ದರೆ ಅದು ನೇಗ್ಲರ್ ಪ್ರತಿಕ್ರಿಯೆ.
* ಕ್ಲಾಸ್ಟ್ರಿಡಿಯಂ ಬಾಟುಲಿನಂ: ಅಂಡಾಕಾರದ ಬೀಜಾಣು ತುದಿಗೆ ತುಸು ಹಿಂದಿರುತ್ತದೆ.

ಹಳೆಯ ಕೃಷಿಯ ಕೋಶಗಳು ನೇರಳೆ ಬಣ್ಣ ಕಳೆದುಕೊಂಡು ಗ್ರಾಂ-ಋಣಾತ್ಮಕವೆಂಬ ಭ್ರಮೆ ಹುಟ್ಟಿಸಬಹುದು.

ಉಂಟುಮಾಡುವ ರೋಗಗಳು

ಕ್ಲಾಸ್ಟ್ರಿಡಿಯಂ ರೋಗಗಳಲ್ಲಿ ಹೆಚ್ಚಿನ ಹಾನಿಗೆ ಜೀವಿವಿಷವೇ ಕಾರಣ. ಧನುರ್ವಾಯುವಿನಲ್ಲಿ ವಿಷವು ಸ್ನಾಯುಗಳನ್ನು ಸಡಿಲಿಸುವ ನರಸಂಕೇತಗಳನ್ನು ತಡೆಯುವುದರಿಂದ ದವಡೆ ಮತ್ತು ಬೆನ್ನು ಸೆಟೆದುಕೊಳ್ಳುತ್ತವೆ. ಬಾಟುಲಿಸಂನಲ್ಲಿ ಅಸಿಟೈಲ್‌ಕೋಲಿನ್ ಬಿಡುಗಡೆ ನಿಂತು ಸ್ನಾಯುಗಳು ಸಡಿಲಗೊಳ್ಳುತ್ತವೆ. ಪರ್ಫ್ರಿಂಜೆನ್ಸ್ ಅನಿಲ ಗ್ಯಾಂಗ್ರೀನ್ ಮತ್ತು ಆಹಾರ ವಿಷಬಾಧೆಗೆ ಕಾರಣ. 2016ರಲ್ಲಿ ಕ್ಲಾಸ್ಟ್ರಿಡಿಯಾಯ್ಡಿಸ್ ಎಂಬ ಹೊಸ ಕುಲಕ್ಕೆ ಸೇರಿದ ಡಿಫಿಸಿಲ್ ಪ್ರಭೇದವು ಪ್ರತಿಜೈವಿಕಗಳ ಬಳಕೆಯ ನಂತರ ತೀವ್ರ ಅತಿಸಾರವನ್ನು ಉಂಟುಮಾಡಬಲ್ಲದು. ದನಗಳ ಚಪ್ಪೆ ರೋಗಕ್ಕೆ ಕ್ಲಾಸ್ಟ್ರಿಡಿಯಂ ಶೋವಿಯೈ ಕಾರಣ. ಬೀಜಾಣುರಹಿತ ಆಕ್ಟಿನೋಮೈಸಿಸ್ ದವಡೆಯಲ್ಲಿ ಹಳದಿ ಕಣಗಳುಳ್ಳ ಕೀವುಗಂಟುಗಳನ್ನು ಉಂಟುಮಾಡುತ್ತದೆ.

ರೋಗನಿರ್ಣಯದ ಮಿತಿ

ಧನುರ್ವಾಯುವನ್ನು ರೋಗಲಕ್ಷಣಗಳಿಂದಲೇ ನಿರ್ಣಯಿಸಲಾಗುತ್ತದೆ. ಗಾಯದಲ್ಲಿ ದಂಡಾಣು ಸಿಗದಿದ್ದರೂ ರೋಗವನ್ನು ತಳ್ಳಿಹಾಕುವಂತಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಆರೋಗ್ಯವಂತ ಶಿಶುಗಳ ಕರುಳಿನಲ್ಲಿಯೂ ಡಿಫಿಸಿಲ್ ಇರುತ್ತದೆ. ಆದುದರಿಂದ ಅತಿಸಾರವಿರುವ ರೋಗಿಯ ಮಲದಲ್ಲಿ ಅದರ ವಿಷವನ್ನು ಪತ್ತೆಹಚ್ಚುವುದು ಮುಖ್ಯ. ಅನಿಲ ಗ್ಯಾಂಗ್ರೀನ್ ಗಂಟೆಗಳಲ್ಲಿ ಹರಡುವುದರಿಂದ, ಕೃಷಿಯ ಫಲಿತಾಂಶಕ್ಕೆ ಕಾಯದೆ ಸತ್ತ ಅಂಗಾಂಶವನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು, ಪೆನಿಸಿಲಿನ್ ಮತ್ತು ಕ್ಲಿಂಡಮೈಸಿನ್ ನೀಡಲಾಗುತ್ತದೆ.

ತಡೆಗಟ್ಟುವಿಕೆ

ಧನುರ್ವಾಯು ಬಂದು ಗುಣವಾದವರಲ್ಲಿಯೂ ರೋಗನಿರೋಧಕ ಶಕ್ತಿ ಬೆಳೆಯದ ಕಾರಣ ಅವರಿಗೂ ಲಸಿಕೆ ಅಗತ್ಯ. ತಾಯಂದಿರ ಲಸಿಕೆ ಮತ್ತು ಶುಚಿಯಾದ ಹೆರಿಗೆಯ ಫಲವಾಗಿ ಭಾರತವು 2015ರಲ್ಲಿ ತಾಯಿ ಮತ್ತು ನವಜಾತ ಶಿಶುಗಳ ಧನುರ್ವಾಯುವನ್ನು ನಿರ್ಮೂಲಗೊಳಿಸಿದ ಮಾನ್ಯತೆ ಪಡೆಯಿತು. ಶಿಶು ಬಾಟುಲಿಸಂ ತಡೆಯಲು 1 ವರ್ಷದೊಳಗಿನ ಮಕ್ಕಳಿಗೆ ಜೇನುತುಪ್ಪ ಕೊಡಬಾರದು. ಡಿಫಿಸಿಲ್ ಬೀಜಾಣುಗಳು ಆಲ್ಕೊಹಾಲ್‌ನಿಂದ ಸಾಯದ ಕಾರಣ ಸೋಪು ಮತ್ತು ನೀರಿನಿಂದ ಕೈತೊಳೆಯಬೇಕು.